ಪದವಿಗೆ ಮೊದಲೇ ದಂತವೈದ್ಯೆ

ಲೂಸಿ ಹಾಬ್ಸ್ ಟೇಲರ್ (1833–1910) ಅಮೆರಿಕದ ಒಹಾಯೋ ದಂತವೈದ್ಯ ಕಾಲೇಜಿನಿಂದ 1866ರಲ್ಲಿ ಪದವಿ ಪಡೆದರು. ಮಹಿಳೆಯೊಬ್ಬರು ದಂತವೈದ್ಯ ಪದವಿ ಪಡೆದದ್ದು ಅದೇ ಮೊದಲು. ಇದನ್ನು ಕಾಲೇಜಿನ ಔದಾರ್ಯವೆಂದು ಕೊಂಡಾಡುವವರಿಗೆ ಇಸವಿಗಳೇ ಉತ್ತರ ಹೇಳುತ್ತವೆ. 1861ರಲ್ಲಿ ಇದೇ ಕಾಲೇಜು, ಹೆಣ್ಣೆಂಬ ಒಂದೇ ಕಾರಣಕ್ಕೆ, ಅವರಿಗೆ ಪ್ರವೇಶ ಕೊಟ್ಟಿರಲಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದ ಲೂಸಿ, ಸಿನ್ಸಿನಾಟಿಯ ದಂತವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿತು, ಅದೇ ವರ್ಷ ಸ್ವಂತ ಚಿಕಿತ್ಸಾಲಯ ತೆರೆದರು. ಆಮೇಲೆ ಅಯೋವಾದಲ್ಲಿ ಹೆಸರು ಮಾಡಿದರು. ಅಲ್ಲಿನ ದಂತವೈದ್ಯರ ಸಂಘ 1865ರಲ್ಲಿ ಅವರಿಗೆ ಸದಸ್ಯತ್ವ ಕೊಟ್ಟು, ಷಿಕಾಗೋ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಕಳಿಸಿತು. ಕಾಲೇಜು ಮಣಿದದ್ದು ಅದಾದ ಮೇಲೆ, ಅದೂ ನೇರ ಕೊನೆಯ ತರಗತಿಗೆ. ಔದಾರ್ಯವೆಂದರೆ ಇದೇ ಏನೋ!

ಗಂಡನ ಆಸರೆಯಲ್ಲಿ ಬೆಳೆದರೆಂಬ ಮಾತಂತೂ ಪೂರಾ ತಲೆಕೆಳಗು. ಮದುವೆಯಾದದ್ದು 1867ರಲ್ಲಿ, ಜೇಮ್ಸ್ ಟೇಲರ್‌ಗೆ ಹಲ್ಲಿನ ವೈದ್ಯ ಕಲಿಸಿದ್ದೇ ಹೆಂಡತಿ. ಇಬ್ಬರೂ ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ವೃತ್ತಿ ನಡೆಸಿದರು. ಆದರೆ ಲೂಸಿ ಅವರನ್ನು ಮೊತ್ತಮೊದಲ ದಂತವೈದ್ಯೆ ಎನ್ನುವುದೂ ತಪ್ಪು: ಕನೆಕ್ಟಿಕಟ್‌ನ ಎಮೆಲೀನ್ ರಾಬರ್ಟ್ಸ್ ಜೋನ್ಸ್ ಪದವಿಯಿಲ್ಲದೆಯೇ 1855ರಿಂದ ಈ ವೃತ್ತಿಯಲ್ಲಿದ್ದರು.