ಫೋಟೋದಲ್ಲಿ ಹುಲಿಪಟ್ಟೆ, ಪೆಟ್ಟಿಗೆಯಲ್ಲಿ ಬರೀ ಹಲಗೆ

"ಚಿತ್ರದಲ್ಲಿರುವ ಬಣ್ಣಕ್ಕೂ ನಿಜವಾದ ವಸ್ತುವಿನ ಬಣ್ಣಕ್ಕೂ ಸ್ವಲ್ಪ ವ್ಯತ್ಯಾಸವಿರಬಹುದು."

ಎಲೆಕ್ಟ್ರಿಕ್ ಗಿಟಾರ್ ಮಾರುವ ತಾಣಗಳಲ್ಲಿ ಪುಟದ ತಳಕ್ಕೆ ಹೋದರೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಈ ಅರ್ಥದ ಒಂದು ಮಾತು ಎಷ್ಟೋ ಸಲ ಸಿಗುತ್ತೆ. ನನ್ನ ತಕರಾರು ಇರೋದು ಆ "ಸ್ವಲ್ಪ" ಅನ್ನೋ ಪದದ ಮೇಲೆ. ಬೇರೆ ಬೇರೆ ಜಾತಿಯ ಮೂರು ವ್ಯತ್ಯಾಸಗಳನ್ನು ಆ ಒಂದೇ ಕೊಡೆಯ ಕೆಳಗೆ ನಿಲ್ಲಿಸಿ, ಮೂರಕ್ಕೂ ಒಟ್ಟಿಗೆ ಮಾಫಿ ಕೇಳ್ತಾರೆ. ಎರಡನ್ನು ಬೇಕಾದರೆ ಬಿಟ್ಟುಬಿಡೋಣ. ಮೂರನೆಯದನ್ನು ಬಿಡೋಕಾಗಲ್ಲ ಸ್ವಾಮಿ, ಅದಕ್ಕೆ ಮೋಸ ಅಂತಲೇ ಹೆಸರು.

ಮೊದಲನೆಯದು ಬೆಳಕಿನ ವಿಷಯ. ನಮ್ಮಲ್ಲಿ ಕ್ಯಾಮೆರಾ ಹಿಡಿದು ಓಡಾಡುವವರು ಬೇಕಾದಷ್ಟು ಜನ ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಳದಿ ಬಲ್ಬಿನ ಕೆಳಗೆ ತೆಗೆದ ಕೆಂಪು ಬೇರೆ, ಕಿಟಕಿ ಬೆಳಕಿನ ಕೆಂಪು ಬೇರೆ. ತಾಣಗಳಲ್ಲಿ ಹಾಕುವ ಚಿತ್ರಗಳು ಸಾಮಾನ್ಯವಾಗಿ ಪಾಲಿಸುವ ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಅಳತೆ 1996ರದ್ದು. ನಮ್ಮ ಕಣ್ಣಿಗೆ ಕಾಣುವ ಎಷ್ಟೋ ಗಾಢ ಬಣ್ಣಗಳು ಅದರೊಳಗೆ ಹಿಡಿಸೋದೇ ಇಲ್ಲ. ಇನ್ನು ಫೆಂಡರ್‌ನವರ ಲೇಕ್ ಪ್ಲಾಸಿಡ್ ಬ್ಲೂ ಥರದ, ಲೋಹದ ಪುಡಿ ಬೆರೆಸಿದ ಬಣ್ಣ ನೋಡಿ. ಗಿಟಾರನ್ನು ಒಂಚೂರು ವಾಲಿಸಿದರೆ ತಿಳಿ ನೀಲಿ, ಇನ್ನೊಂಚೂರು ವಾಲಿಸಿದರೆ ಕಡು ನೀಲಿ. ಒಂದೇ ಫೋಟೋ ಎರಡನ್ನೂ ಹೇಗೆ ತೋರಿಸೀತು? ರೇಷ್ಮೆ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದ ನಮ್ಮ ಅಮ್ಮಂದಿರಿಗೆ ಯಾವ ಅಳತೆಗೋಲೂ ಇಲ್ಲದೆ ಇದೆಲ್ಲ ಗೊತ್ತಿತ್ತು. ಇದಕ್ಕೆ ಮಾರುವವನನ್ನು ಬೈಯೋದು ಸರಿಯಲ್ಲ.

ಎರಡನೆಯದು ಕಾಲದ ಕೈವಾಡ. ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಮಾಡಿದ ಸನ್‌ಬರ್ಸ್ಟ್ ಲೆಸ್ ಪಾಲ್ ಗಿಟಾರುಗಳ ಕಥೆ ಕೇಳಿರಬಹುದು. ಅಂಚಿನಲ್ಲಿ ಚೆರ್ರಿ ಕೆಂಪು, ಒಳಕ್ಕೆ ಬರುತ್ತಾ ಬರುತ್ತಾ ಹಳದಿ. ಮೊದಲ ವರ್ಷಗಳಲ್ಲಿ ಬಳಸಿದ ಆ ಕೆಂಪು ಬಣ್ಣ ಬೆಳಕಿಗೆ ತಡೆಯಲಿಲ್ಲ. ಕೆಲವು ಗಿಟಾರು ಚಹಾದ ಬಣ್ಣಕ್ಕೆ ಇಳಿದವು, ಕೆಲವು ಕೆಂಪನ್ನು ಪೂರ್ತಿ ಕಳಕೊಂಡು ನಿಂಬೆ ಹಳದಿಯಾದವು. ಫೆಂಡರ್‌ನ ಹಳೇ ಒಲಿಂಪಿಕ್ ವೈಟ್ ಗಿಟಾರುಗಳದ್ದೂ ಅದೇ ಹಣೆಬರಹ. ಬಿಳಿಯ ಮೇಲೆ ಬಳಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ವರ್ಷ ಕಳೆದಂತೆ ಹಳದಿಗೆ ತಿರುಗಿ, ಬಿಳಿ ಗಿಟಾರು ಬೆಣ್ಣೆ ಬಣ್ಣಕ್ಕೆ ಬರುತ್ತೆ. ನೀಲಿ ಗಿಟಾರಿನ ಮೇಲೆ ಅದೇ ಹಳದಿ ಕೂತರೆ ಹಸಿರು ಛಾಯೆ. ಇದು ವಸ್ತುವಿನ ಗುಣ. ತಮಾಷೆ ಅಂದ್ರೆ ಹೀಗೆ ಮಾಸಿದ ಬಣ್ಣಗಳಿಗೇ ಅಭಿಮಾನಿಗಳು ಹೆಸರಿಟ್ಟರು, ಗಿಬ್ಸನ್‌ನವರು ಆಮೇಲೆ ಹೊಸ ಗಿಟಾರಿಗೇ "ಐಸ್ಡ್ ಟೀ" ಬಣ್ಣ ಹೊಡೆದು ಮಾರಿದರು! ಇರಲಿ, ಇದನ್ನೂ ಬಿಡೋಣ.

ಈಗ ಮೂರನೆಯದಕ್ಕೆ ಬರ್ತೀನಿ.

ಮೇಪಲ್ ಮರದ ನಾರು ಕೆಲವೊಮ್ಮೆ ನೇರವಾಗಿ ಬೆಳೆಯದೆ ಅಲೆ ಅಲೆಯಾಗಿ ಬೆಳೆಯುತ್ತೆ. ಅಂಥ ಮರವನ್ನು ಕೊಯ್ದು, ಬಣ್ಣ ತಿನ್ನಿಸಿ, ಮೇಲೆ ಪಾರದರ್ಶಕ ಮೆರುಗು ಕೊಟ್ಟರೆ ಹುಲಿಪಟ್ಟೆಯಂಥ ಗೆರೆಗಳು ಕಾಣುತ್ತವೆ. ಗಿಟಾರು ಅಲುಗಿದಂತೆ ಪಟ್ಟೆಗಳೂ ಅಲುಗುತ್ತವೆ. ಇದಕ್ಕೆ ಫ್ಲೇಮ್ ಟಾಪ್ ಅಂತಾರೆ. ದುಬಾರಿ ಗಿಟಾರುಗಳಲ್ಲಿ ಇದು ದಪ್ಪ ಹಲಗೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಕಾಗದದಂಥ ತೆಳು ಪದರ. ಎರಡು ಹಲಗೆಯ ಪಟ್ಟೆ ಒಂದೇ ಥರ ಇರಲ್ಲ. ಒಂದರಲ್ಲಿ ಎದ್ದು ಕುಣಿಯುತ್ತೆ, ಇನ್ನೊಂದರಲ್ಲಿ ಹುಡುಕಿದರೂ ಸಿಗಲ್ಲ.

ಜಾಹೀರಾತಿನ ಫೋಟೋಗೆ ಯಾವುದನ್ನು ನಿಲ್ಲಿಸ್ತಾರೆ ಹೇಳಿ? ಕುಣಿಯೋದನ್ನೇ. ಪಕ್ಕದಿಂದ ಬೆಳಕು ಬಿಟ್ಟು ಪಟ್ಟೆ ಇನ್ನಷ್ಟು ಏಳುವಂತೆ ಮಾಡ್ತಾರೆ. ಆಮೇಲೆ ಅದೇ ಫೋಟೋ ಅಡಿಯಲ್ಲಿ, ಅದೇ ಹೆಸರಲ್ಲಿ, ಅದೇ ಬೆಲೆಗೆ, ಗೋದಾಮಿನಲ್ಲಿ ಕೈಗೆ ಸಿಕ್ಕ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಕಳಿಸ್ತಾರೆ. ಗಾಡಿಯ ಮುಂಭಾಗದಲ್ಲಿ ಹೊಳೆಯುವ ಮಾವಿನಹಣ್ಣು ಜೋಡಿಸಿ, ಹಿಂದಿನ ರಾಶಿಯಿಂದ ಚೀಲ ತುಂಬುವವನ ಜಾಣತನ ಇದು. ಆ ಗಾಡಿಯ ಹತ್ತಿರ ನಾವು ಕನಿಷ್ಠ ಕೈ ಹಿಡಿದು "ಮುಂದಿನದು ಕೊಡಪ್ಪಾ" ಅನ್ನಬಹುದು!

ನನಗೆ ಬಂದ ಗಿಟಾರಿನಲ್ಲಿ ಎಡಭಾಗಕ್ಕೆ ಪಟ್ಟೆ ಇತ್ತು, ಬಲಭಾಗ ಶಾಲೆಯ ಬೆಂಚಿನ ಹಲಗೆಯಂತೆ ಸಪಾಟು. ಫೋಟೋದಲ್ಲಿ ಎರಡೂ ಕಡೆ ಕನ್ನಡಿ ಹಿಡಿದಂತೆ ಒಂದೇ ಸಮ. ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ: "ಸಾರ್, ಮರ ನಿಸರ್ಗದ್ದು, ಒಂದರ ಥರ ಒಂದು ಇರಲ್ಲ."

ಸರಿ, ಒಪ್ಪಿದೆ. ಆದರೆ ನಿಸರ್ಗ ಚೆನ್ನಾಗಿ ಕೊಟ್ಟಾಗ ನೀವೇನು ಮಾಡ್ತೀರಿ? ಬೆಲೆ ಏರಿಸ್ತೀರಿ. ಪಿಆರ್‌ಎಸ್ ಕಂಪನಿಯಲ್ಲಿ "10 ಟಾಪ್" ಅಂತಲೇ ಇದೆ. ಹೆಚ್ಚು ಚೆಂದದ ಮೇಪಲ್‌ಗೆ ಹೆಚ್ಚು ದುಡ್ಡು. ಅವರಾದರೂ ಬಾಯಿಬಿಟ್ಟು ಹೇಳಿ ತಗೋತಾರೆ. ಉಳಿದ ಎಷ್ಟೋ ಕಡೆ "ಎಎ", "ಎಎಎ" ಅಂತ ದರ್ಜೆ ಬರೆದಿರುತ್ತೆ, ಆದರೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆ ಅದಕ್ಕಿಲ್ಲ; ಅವರವರು ಕೊಟ್ಟುಕೊಂಡ ಅಂಕ. ಮರ ಚೆನ್ನಾಗಿದ್ದರೆ ಲಾಭ ನಿಮ್ಮದು, ಚೆನ್ನಾಗಿಲ್ಲದಿದ್ದರೆ ತಪ್ಪು ನಿಸರ್ಗದ್ದು. ಇದ್ಯಾವ ನ್ಯಾಯ?

1990ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಕೆಲವು ಫೆಂಡರ್ ಗಿಟಾರುಗಳ ಮೇಲೆ ಮರದ ಪಟ್ಟೆಯ ಚಿತ್ರವನ್ನೇ ಅಚ್ಚು ಹಾಕಿ ಮೆರುಗು ಕೊಡುತ್ತಿದ್ದರು. ಅದರ ಹೆಸರೇ "ಫೋಟೋ ಫ್ಲೇಮ್". ಅದನ್ನು ನೋಡಿ ನಕ್ಕವರು ಬಹಳ. ನನಗೆ ಮಾತ್ರ ಅದರ ಮೇಲೆ ಗೌರವವೇ ಇದೆ. ಚಿತ್ರ ಅಂತ ಹೆಸರಲ್ಲೇ ಹೇಳಿ ಚಿತ್ರವನ್ನೇ ಕೊಟ್ಟರಲ್ಲ!

"ಗಿಟಾರು ಇರೋದು ನುಡಿಸೋಕೆ ಮಾರಾಯ, ನೋಡೋಕಲ್ಲ" ಅಂತ ಬುದ್ಧಿ ಹೇಳೋರು ಇದ್ದಾರೆ. ಅವರಿಗೆ ನನ್ನ ಪ್ರಶ್ನೆ ಇಷ್ಟೇ. ಅದೇ ಪಿಕಪ್, ಅದೇ ಕತ್ತು, ಅದೇ ತಂತಿ ಇರುವ ಸಾದಾ ಬಣ್ಣದ ಗಿಟಾರಿಗಿಂತ ಪಟ್ಟೆ ಇರುವುದಕ್ಕೆ ಜಾಸ್ತಿ ಬೆಲೆ ಯಾಕೆ ಹಾಕ್ತಾರೆ? ಆ ಹೆಚ್ಚಿನ ದುಡ್ಡು ಕಿವಿಗಲ್ಲ, ಕಣ್ಣಿಗೇ ಕೊಟ್ಟಿದ್ದು. ನೋಟಕ್ಕೆ ಅಂತ ಕಾಸು ಎಣಿಸಿಕೊಂಡ ಮೇಲೆ ನೋಟವೂ ಸರಕೇ. ಸರಕು ತೋರಿಸಿದಂತೆ ಇರಬೇಕು.

ಒಂದೊಂದು ಗಿಟಾರಿಗೂ ಬೇರೆ ಫೋಟೋ ತೆಗೆಯೋಕಾಗುತ್ತಾ ಅಂತೀರಾ? ಆಗುತ್ತೆ. ಅಮೆರಿಕದ ಇಂಡಿಯಾನಾದಲ್ಲಿರುವ ಸ್ವೀಟ್‌ವಾಟರ್ ಅಂಗಡಿಯವರು ಎಷ್ಟೋ ಗಿಟಾರುಗಳನ್ನು ಒಂದೊಂದಾಗಿ ಫೋಟೋ ತೆಗೆದು, ಸೀರಿಯಲ್ ನಂಬರು ಮತ್ತು ತೂಕದ ಜೊತೆ ಹಾಕ್ತಾರೆ. ನೀವು ಆರಿಸಿದ್ದೇ ನಿಮಗೆ ಬರುತ್ತೆ. ಹತ್ತಿಪ್ಪತ್ತು ಗಿಟಾರು ಇಟ್ಟುಕೊಂಡ ಅಂಗಡಿಗೆ, ಜೇಬಿನಲ್ಲಿ ಕ್ಯಾಮೆರಾ ಫೋನ್ ಇರುವ ಈ ಕಾಲದಲ್ಲಿ, ಇದು ಐದು ನಿಮಿಷದ ಕೆಲಸ.

ನಮ್ಮ ದೇಶದಲ್ಲಿ ಕಾನೂನೂ ನಮ್ಮ ಕಡೆಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವನು ಅದನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಪುಟದ ತಳದಲ್ಲಿ "ಸ್ವಲ್ಪ" ಅಂತ ಬರೆದ ಮಾತ್ರಕ್ಕೆ ಈ ಹೊಣೆ ಕಳಚಿ ಬೀಳಬಾರದು ಅನ್ನೋದು ನನ್ನ ವಾದ.

ನಾನು ಕೇಳ್ತಿರೋದು ಪರಿಪೂರ್ಣ ಮರವನ್ನಲ್ಲ. ಸಪ್ಪೆ ಪಟ್ಟೆಯ ಗಿಟಾರನ್ನು ಸಪ್ಪೆ ಪಟ್ಟೆಯದು ಅಂತಲೇ ತೋರಿಸಿ, ಬೆಲೆ ಹೊಂದಿದರೆ ಸಂತೋಷವಾಗಿ ಕೊಳ್ಳೋರು ಇದ್ದಾರೆ. ದುಡ್ಡು ಕಟ್ಟುವ ಮುಂಚೆ ಒಂದು ಮಾತು ಕೇಳಿ ನೋಡಿ: "ನನಗೆ ಕಳಿಸೋ ಗಿಟಾರಿನದ್ದೇ ಎರಡು ಫೋಟೋ ಕಳಿಸಿ. ಒಂದು ಕಿಟಕಿ ಪಕ್ಕ ಇಟ್ಟು ಮುಂಭಾಗದ್ದು, ಇನ್ನೊಂದು ಸೀರಿಯಲ್ ನಂಬರ್ ಕಾಣೋ ಹಾಗೆ." ಕಳಿಸಿದರೆ ಅಲ್ಲೇ ಕೊಳ್ಳಿ. ಸಬೂಬು ಹೇಳಿದರೆ ಬೇರೆ ಅಂಗಡಿ ನೋಡಿ.

ಗಿಟಾರೇ ಆಗಬೇಕಿಲ್ಲ, ಸೀರೆಯೋ ಸೋಫಾವೋ, ಫೋಟೋ ನೋಡಿ ತರಿಸಿ ಪೆಟ್ಟಿಗೆ ಬಿಚ್ಚಿ ಮುಖ ಸಣ್ಣಗೆ ಮಾಡಿಕೊಂಡಿದ್ದರೆ ನೀವೂ ಬರೀರಿ. ವಾಪಸ್ ತಗೊಂಡರಾ ಅನ್ನೋದನ್ನು ಮರೆಯದೆ ಸೇರಿಸಿ.