ಏರೋ ಇಂಡಿಯಾಗೆ ಜಗಳ ಆಡಿದ್ವಿ, ಕಾನ್ಫರೆನ್ಸಿಗೆ ಯಾಕಿಲ್ಲ?

2018ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಹಬ್ಬಿತ್ತು: ಏರೋ ಇಂಡಿಯಾ ಬೆಂಗಳೂರು ಬಿಟ್ಟು ಲಖನೌಗೆ ಹೋಗುತ್ತಂತೆ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೀತಿರೋ ಶೋ ಅದು. ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಯಿತು. ಟಿವಿಯಲ್ಲಿ ಚರ್ಚೆ, ಪೇಪರಲ್ಲಿ ಹೆಡ್‌ಲೈನು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಬೆಂಗಳೂರಲ್ಲೇ' ಅಂತ ಹೇಳಿತು, 2019ರ ಫೆಬ್ರವರಿಯಲ್ಲಿ ಇಲ್ಲೇ ನಡೆಯಿತು.

ಆರ್.ಟಿ. ನಗರದ ಕಡೆಯವರಾದ ನಮಗೆ ಈ ಶೋ ಟಿಕೆಟ್ ಇಲ್ಲದೆಯೂ ಸಿಗುತ್ತೆ. ಫೆಬ್ರವರಿ ಬಂದ್ರೆ ಟೆರೇಸ್ ಮೇಲೆ ಬಟ್ಟೆ ಒಣಗಿಸೋಕೆ ಹೋದ ಅಮ್ಮಂದಿರೂ ಸುಖೋಯ್ ನೋಡ್ಕೊಂಡು ಬರ್ತಾರೆ. ಹಕ್ಕಿಗಳು ಬರಬಾರದು ಅಂತ ಯಲಹಂಕ ಸುತ್ತಮುತ್ತ ಮಟನ್, ಚಿಕನ್ ಅಂಗಡಿ ಮುಚ್ಚಿಸ್ತಾರೆ. ಊರು ಅದನ್ನೂ ಸಹಿಸ್ಕೊಂಡಿದೆ, ಯಾಕಂದ್ರೆ ಶೋ ನಮ್ಮದು.

ಸರಿ. ಈಗ ಇನ್ನೊಂದು ಪಟ್ಟಿ ನೋಡಿ. ಕೃತಕ ಬುದ್ಧಿಮತ್ತೆಯ ಅಂತಾರಾಷ್ಟ್ರೀಯ ಸಮ್ಮೇಳನ ಐಜೆಸಿಎಐ, 2007. ಗಣಿತಜ್ಞರ ವಿಶ್ವ ಸಮ್ಮೇಳನ, 2010. ವರ್ಲ್ಡ್ ವೈಡ್ ವೆಬ್ ಕಾನ್ಫರೆನ್ಸ್, 2011. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಐಸಿಎಸ್ಇ, 2014. ಮಾತಿನ ತಂತ್ರಜ್ಞಾನದ ಇಂಟರ್‌ಸ್ಪೀಚ್, 2018. ಸಿಗ್ನಲ್ ಪ್ರಾಸೆಸಿಂಗ್‌ನ ಐಕ್ಯಾಸ್ಪ್, 2025. ನಮ್ಮ ಸಿಲಬಸ್‌ನ ಅರ್ಧ ವಿಷಯಗಳು ಹುಟ್ಟೋದು ಇಂಥ ಕಡೆ. ಇವೆಲ್ಲ ಭಾರತಕ್ಕೆ ಬಂದವು, ಎಲ್ಲವೂ ಹೋಗಿದ್ದು ಹೈದರಾಬಾದಿಗೆ. ಐಕ್ಯಾಸ್ಪ್ ಅಂತೂ ಏಪ್ರಿಲ್ ತಿಂಗಳಲ್ಲಿ! ಏಪ್ರಿಲ್‌ನ ಹೈದರಾಬಾದ್ ಬಿಸಿಲು ಹೇಗಿರುತ್ತೆ ಅಂತ ಅಲ್ಲಿ ನೆಂಟರಿರೋರನ್ನ ಕೇಳಿ. 'ನಮಗೆ ಯಾಕೆ ಬರಲಿಲ್ಲ' ಅಂತ ಇಲ್ಲಿ ಯಾರೂ ಗಲಾಟೆ ಮಾಡಲಿಲ್ಲ. ವಿಮಾನ ಆಕಾಶದಲ್ಲಿ ಕಾಣುತ್ತೆ, ಪೇಪರ್ ಪ್ರೆಸೆಂಟೇಷನ್ ಕಾಣಲ್ಲ.

ಹೈದರಾಬಾದಿನವರನ್ನು ಬೈಯೋಕೆ ಇದನ್ನು ಬರೀತಿಲ್ಲ. ಅವರು ಬುದ್ಧಿವಂತಿಕೆ ಮಾಡಿದ್ರು. 2006ರಲ್ಲಿ ಎಚ್ಐಸಿಸಿ ಅಂತ ಒಂದು ಕನ್ವೆನ್ಷನ್ ಸೆಂಟರ್ ಶುರುವಾಯ್ತು, ಮೇಲಿನ ಆರೂ ಅಲ್ಲೇ ನಡೆದವು. ಸಾವಿರಾರು ಜನ ಕೂರೋ ಹಾಲು, ಅದೇ ಕಾಂಪೌಂಡಿನಲ್ಲಿ ಹೋಟೆಲ್ಲು. ಹೊರದೇಶದ ಪ್ರೊಫೆಸರ್ ರೂಮಿಂದ ಹೊರಗೆ ಬಂದ್ರೆ ಎರಡು ನಿಮಿಷಕ್ಕೆ ಹಾಲ್‌ನಲ್ಲಿರ್ತಾರೆ. ಜೊತೆಗೆ ಕೇಳೋಕೆ ಜನ ಇದ್ರು. ಇಂಟರ್‌ಸ್ಪೀಚ್ ಸಂಘಟನೆಯ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಬಿ. ಯಜ್ಞನಾರಾಯಣ ಅವರು ಅಲ್ಲಿನ ಐಐಐಟಿಯವರು. ಅವರು ಬಿಇ, ಎಂಇ, ಪಿಎಚ್‌ಡಿ ಮಾಡಿದ್ದು ಮಾತ್ರ ನಮ್ಮ ಮೇಖ್ರಿ ಸರ್ಕಲ್ ಪಕ್ಕದ ಐಐಎಸ್ಸಿಯಲ್ಲಿ.

ಇನ್ನು ನಮ್ಮ ಕಡೆ ಏನಿದೆ? ಆರ್.ಟಿ. ನಗರದಲ್ಲಿ ಆಟೋ ಹತ್ತಿ ಮೇಖ್ರಿ ಸರ್ಕಲ್‌ಗೆ ಬನ್ನಿ. ಅಲ್ಲೇ ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ. ಸ್ವಲ್ಪ ಮುಂದೆ 1909ರ ಐಐಎಸ್ಸಿ, ಸುಮಾರು 400 ಎಕರೆ ಮರಗಳ ನಡುವೆ. ಅದನ್ನು ದಾಟಿದ್ರೆ ನ್ಯೂ ಬಿಇಎಲ್ ರೋಡಲ್ಲಿ ಇಸ್ರೋ ಕೇಂದ್ರ ಕಚೇರಿ. ಹೆಬ್ಬಾಳದ ಆಚೆ ಜಿಕೆವಿಕೆ, ಅದೇ ಕ್ಯಾಂಪಸ್‌ನಲ್ಲಿ ಎನ್‌ಸಿಬಿಎಸ್, ಜಕ್ಕೂರಲ್ಲಿ ಜವಾಹರಲಾಲ್ ನೆಹರೂ ಕೇಂದ್ರ. 2008ರಿಂದ ಏರ್‌ಪೋರ್ಟೂ ಇದೇ ರಸ್ತೆಯ ತುದಿಯಲ್ಲಿ. ವಿಮಾನ ಇಳಿದು ಊರೊಳಗೆ ಬರೋ ಬಹುಪಾಲು ಜನ ಮೊದಲು ನೋಡೋ ಬೆಂಗಳೂರು ನಮ್ಮದೇ. ಅವರು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ನೋಡ್ತಾರೆ, ಅದು ಬೇರೆ ವಿಷಯ.

ಸಮ್ಮೇಳನ ನಡೆಸೋದು ಈ ಕಡೆಗೆ ಹೊಸದೂ ಅಲ್ಲ. ಭಾರತದ ಮೊದಲ ಪೈಕಾನ್ 2009ರಲ್ಲಿ ನಡೆದಿದ್ದು ಐಐಎಸ್ಸಿಯಲ್ಲಿ, ಮರುವರ್ಷ ಎಂ.ಎಸ್. ರಾಮಯ್ಯ ಎಂಜಿನಿಯರಿಂಗ್ ಕಾಲೇಜಲ್ಲಿ. ಹೌದು, ಸ್ಟಾರ್ ಹೋಟೆಲಲ್ಲಿ ಅಲ್ಲ, ಕಾಲೇಜಲ್ಲಿ. 1990ರಿಂದ ಐಐಎಸ್ಸಿಯವರು ಎರಡು ವರ್ಷಕ್ಕೊಮ್ಮೆ ಎಸ್‌ಪಿಕಾಮ್ ನಡೆಸ್ತಾ ಬಂದಿದ್ದಾರೆ. 2020ರ ಜನವರಿಯಲ್ಲಿ 107ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ಜಿಕೆವಿಕೆಯಲ್ಲಿ ನಡೆಯಿತು. ಗ್ರಾಮೀಣ ಅಭಿವೃದ್ಧಿ ಅದರ ಮುಖ್ಯ ವಿಷಯ, ರೈತರಿಗೂ ಅಲ್ಲಿ ಜಾಗ ಇತ್ತು. ಪ್ರತಿ ವರ್ಷ ಕೃಷಿಮೇಳಕ್ಕೆ ಲಾರಿ, ಬಸ್ಸು ಹತ್ತಿ ಬರೋ ಜನಸಾಗರವನ್ನು ಸಂಭಾಳಿಸೋ ಜಾಗಕ್ಕೆ ಸಾವಿರ ಜನ ಎಂಜಿನಿಯರ್‌ಗಳು ಯಾವ ಲೆಕ್ಕ?

ಹಾಗಾದ್ರೆ ಎಚ್ಐಸಿಸಿ ಥರ ಒಂದು ಕಟ್ಟಡ ಕಟ್ಟಿಬಿಟ್ರೆ ಮುಗೀತಾ? ನಮಗೆ ಹಾಗನ್ನಿಸಲ್ಲ. ದೊಡ್ಡ ಹಾಲು ಈಗಲೂ ಇದೆ, ತುಮಕೂರು ರಸ್ತೆಯ ಬಿಐಇಸಿ. 2024ರ ನವೆಂಬರ್‌ನಿಂದ ಮಾದಾವರದವರೆಗೆ ಮೆಟ್ರೋ ಕೂಡ ಹೋಗುತ್ತೆ. ಅದು ಮೆಷಿನ್ ಟೂಲ್ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಜಾಗ. ನಾವು ಕೇಳ್ತಿರೋದು ಬೇರೆ ಥರದ್ದು: ಕ್ಯಾಂಪಸ್‌ನಲ್ಲಿ ನಡೆಯೋ ಕಾನ್ಫರೆನ್ಸು. ಐಐಎಸ್ಸಿಯ ಜೆ.ಎನ್. ಟಾಟಾ ಆಡಿಟೋರಿಯಂನಲ್ಲಿ ಮುಖ್ಯ ಭಾಷಣ, ಸುತ್ತಲ ಕಾಲೇಜುಗಳಲ್ಲಿ ವರ್ಕ್‌ಶಾಪು, ಸೆಮಿಸ್ಟರ್ ರಜೆಯಲ್ಲಿ ಖಾಲಿ ಬಿದ್ದಿರೋ ಹಾಸ್ಟೆಲ್‌ಗಳಲ್ಲಿ ವಿದ್ಯಾರ್ಥಿಗಳಿಗೆ ರೂಮು. ಟ್ರಾಫಿಕ್ ಅಂತೀರಾ? ಇದ್ದೇ ಇದೆ, ಮುಚ್ಚಿಡೋದೇನೂ ಇಲ್ಲ. ಆದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಕ್ಯಾಂಪಸ್‌ನಲ್ಲಿ ಓಡಾಡೋರಿಗೆ ಹೊರಗಿನ ಸಿಗ್ನಲ್ ಯಾಕೆ ಬೇಕು? ವರ್ಕ್‌ಶಾಪಿನ ದಿನ ನಾಲ್ಕು ಕಾಲೇಜ್ ಬಸ್ ಬಿಟ್ರೆ ಸಾಕು.

ಇಷ್ಟಕ್ಕೂ ಇಲ್ಲಿಗೇ ಯಾಕೆ ಬರಬೇಕು? ಹೋಗೋದಾದ್ರೆ ಯಶವಂತಪುರದಿಂದ ಕಾಚಿಗುಡಕ್ಕೆ ರೈಲು ಇದೆ. ಆದ್ರೆ ರೈಲಿನ ಜೊತೆ ರೂಮಿನ ಬಾಡಿಗೆ ಇದೆ, ಡಾಲರ್ ಲೆಕ್ಕದ ರಿಜಿಸ್ಟ್ರೇಷನ್ ಫೀಸ್ ಇದೆ, ಒಂದು ವಾರದ ಅಟೆಂಡೆನ್ಸ್ ಇದೆ. ಪೇಪರ್ ಬರೆದವರಿಗೆ ಕಾಲೇಜು ಕೊಡಬಹುದು. ಸುಮ್ನೆ ಕೂತು ಕೇಳಬೇಕು ಅನ್ನೋ ಸೆಕೆಂಡ್ ಇಯರ್ ಹುಡುಗಿಗೆ ಯಾರು ಕೊಡ್ತಾರೆ? ಊರಲ್ಲೇ ನಡೆದ್ರೆ ಅವಳು ವಾಲಂಟಿಯರ್ ಬ್ಯಾಡ್ಜ್ ಹಾಕ್ಕೊಂಡು ಫೀಸಿಲ್ಲದೆ ಒಳಗೆ ಹೋಗ್ತಾಳೆ. ಮೈಕ್ ಹಿಡ್ಕೊಂಡು ಓಡಾಡ್ತಾನೇ ಹತ್ತು ಟಾಕ್ ಕೇಳಿರ್ತಾಳೆ, ರಾತ್ರಿ ಮನೆಗೆ ಬಂದು ಊಟ ಮಾಡ್ತಾಳೆ.

ಇನ್ನೊಂದು ಕಾರಣ ಭಾಷೆಯದು, ಕನ್ನಡ ಸಂಘದವರಾದ ನಮಗೆ ಇದೇ ಮುಖ್ಯ. 2018ರ ಇಂಟರ್‌ಸ್ಪೀಚ್‌ನಲ್ಲಿ ಭಾರತೀಯ ಭಾಷೆಗಳ ಮಾತು ಗುರುತಿಸೋ ಒಂದು ಸ್ಪರ್ಧೆ ಇತ್ತು. ಡೇಟಾ ಕೊಟ್ಟಿದ್ದು ಮೂರು ಭಾಷೆಗಳಿಗೆ: ತೆಲುಗು, ತಮಿಳು, ಗುಜರಾತಿ. ಕನ್ನಡ ಇರಲಿಲ್ಲ. ಹೈದರಾಬಾದಲ್ಲಿ ನಡೆದಿದ್ದಕ್ಕೇ ತೆಲುಗು ಸೇರಿತು ಅಂತ ನಾವು ಹೇಳ್ತಿಲ್ಲ, ಗುಜರಾತಿಯೂ ಇತ್ತಲ್ಲ. ಆದ್ರೆ ಆತಿಥ್ಯ ವಹಿಸಿದ ಊರು ಸ್ಪರ್ಧೆ ಏನಿರಬೇಕು, ಯಾವ ಭಾಷೆ ಬೇಕು ಅಂತ ಮೇಜಿನ ಮುಂದೆ ಕೂತು ಮಾತಾಡಬಹುದು. ಐಐಎಸ್ಸಿಯ ರೆಸ್ಪಿನ್ ಯೋಜನೆ ಒಂಬತ್ತು ಭಾರತೀಯ ಭಾಷೆಗಳ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದೆ, ಅದರಲ್ಲಿ ಕನ್ನಡವೂ ಒಂದು. ಕಲಬುರಗಿಯ ರೈತ ಫೋನಿಗೆ ಮಾತಾಡಿದ್ರೆ ಅದಕ್ಕೆ ಅರ್ಥ ಆಗಬೇಕು ಅನ್ನೋ ಥರದ ಕೆಲಸ ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ನಡೀತಿದೆ. ಅದನ್ನು ಇದೇ ಊರಲ್ಲಿ ಜಗತ್ತಿಗೆ ತೋರಿಸಿ, ಒಂದು ಇಡೀ ದಿನ ಕನ್ನಡದಲ್ಲೇ ಟಾಕ್ ಇಟ್ಟರೆ, ಡಿಪ್ಲೊಮಾದಿಂದ ಬಂದ ನಮ್ಮ ಲ್ಯಾಟರಲ್ ಎಂಟ್ರಿ ಗೆಳೆಯರೂ ಎದ್ದು ನಿಂತು ಪ್ರಶ್ನೆ ಕೇಳ್ತಾರೆ.

ಬಿಡ್ ಬರೆಯುವಾಗ ಪ್ರವಾಸದ ಸ್ಥಳ ಅಂತ ಒಂದು ಕಾಲಂ ತುಂಬಬೇಕಾಗುತ್ತಲ್ಲ, ಎಲ್ಲರೂ ನಂದಿಬೆಟ್ಟ ಬರೀತಾರೆ. ನಾವು ಹೆಬ್ಬಾಳದ ಕಿತ್ತಯ್ಯನ ಶಾಸನ ಬರೆಸ್ತೀವಿ. ಗಂಗರ ಶ್ರೀಪುರುಷನ ಕಾಲದ, ಎಂಟನೇ ಶತಮಾನದ ವೀರಗಲ್ಲು. ಚರಂಡಿ ಅಗೆಯುವಾಗ ಸಿಕ್ಕಿತು, ಅದೂ 2018ರಲ್ಲೇ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಇಂಥ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಕಾಪಾಡ್ತಿದ್ದಾರೆ. ಭಾಷಾ ತಂತ್ರಜ್ಞಾನದವರಿಗೆ ಇದಕ್ಕಿಂತ ಒಳ್ಳೆ ಪ್ರವಾಸ ಬೇಕಾ? ರವೀಂದ್ರನಾಥ ಟ್ಯಾಗೋರ್ ಹೆಸರಿಟ್ಟ ನಮ್ಮ ಬಡಾವಣೆಯಲ್ಲಿ ದಾರಿ ಮಧ್ಯೆ ದೋಸೆ ತಿನ್ನಿಸಿ ಕರ್ಕೊಂಡು ಹೋಗ್ತೀವಿ.

ಐಕ್ಯಾಸ್ಪ್‌ನಂಥ ದೊಡ್ಡದು ನಾಳೆಯೇ ಬರಲ್ಲ, ಅಂಥವಕ್ಕೆ ವರ್ಷಗಳ ಮೊದಲೇ ಬಿಡ್ ಹಾಕಬೇಕು. ಮುನ್ನೂರು ಜನರ ಕಾನ್ಫರೆನ್ಸಿಂದ ಶುರು ಮಾಡೋಣ. ಮುಂದಿನ ಸೆಮ್ ಶುರುವಾದ ಮೇಲೆ ನಮ್ಮ ಐಇಇಇ ವಿದ್ಯಾರ್ಥಿ ಶಾಖೆಯ ಮೊದಲ ಮೀಟಿಂಗ್‌ನಲ್ಲೇ ಕನ್ನಡ ಸಂಘದ ಕಡೆಯಿಂದ ಈ ವಿಷಯ ಇಡ್ತೀವಿ. ಯಶವಂತಪುರ, ಯಲಹಂಕ, ಹೆಬ್ಬಾಳದ ಕಾಲೇಜುಗಳಲ್ಲಿ ನಿಮ್ಮ ಸ್ನೇಹಿತರಿದ್ರೆ ಈಗಲೇ ಕೇಳಿ: ನಿಮ್ಮ ಆಡಿಟೋರಿಯಂ ಎಷ್ಟು ಜನಕ್ಕೆ ಸಾಕು, ರಜೆಯಲ್ಲಿ ಹಾಸ್ಟೆಲಲ್ಲಿ ಎಷ್ಟು ರೂಮು ಖಾಲಿ ಇರುತ್ತೆ, ಬಸ್ ಕೊಡ್ತಾರಾ? ಮೀಟಿಂಗ್‌ಗೆ ಬರುವಾಗ ಆ ಲೆಕ್ಕ ಕೈಯಲ್ಲಿರಲಿ.