ಮೂರೂವರೆ ರೂಪಾಯಿ ಷೇರು, ಎರಡೂಕಾಲು ಲಕ್ಷದ ಗುಲ್ಲು

ನಂಜನಗೂಡು ಬಳಿ ಇಮ್ಮಾವಿನಲ್ಲಿ 2018ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಮೈಸೂರು ಜಿಲ್ಲೆಯವರಿಗೆ ಹೊಸದಲ್ಲ. ಅದು ಏಷ್ಯನ್ ಪೇಂಟ್ಸ್ ಕಂಪನಿಯದು. ಆ ಕಂಪನಿಯ ಷೇರುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಿರುವ ಇನ್ನೊಂದು ಕಂಪನಿ ಮುಂಬಯಿಯಲ್ಲಿದೆ. ಹೆಸರು ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್. ಇದು ಬಣ್ಣ ಕಲಸುವುದಿಲ್ಲ, ಡಬ್ಬ ತುಂಬುವುದಿಲ್ಲ. ಷೇರು ಇಟ್ಟುಕೊಳ್ಳುವುದೇ ಇದರ ಕಸುಬು.

2024ರ ಜೂನ್‌ನಲ್ಲಿ ಇದರ ಒಂದು ಷೇರಿನ ದರ 3 ರೂಪಾಯಿ 53 ಪೈಸೆ. ಅದೇ ವರ್ಷ ಅಕ್ಟೋಬರ್ 29ರಂದು 2,36,250 ರೂಪಾಯಿ! ಸಾವಿರ ರೂಪಾಯಿ ಹಾಕಿದ್ದರೂ ಕೋಟ್ಯಧಿಪತಿ ಆಗಬಹುದಿತ್ತಲ್ಲ ಅಂತ ಕೈ ಹಿಸುಕಿಕೊಂಡವರು ಎಷ್ಟೋ ಜನ.

ಆದರೆ ಹಾಕುವುದೆಲ್ಲಿಂದ ಬಂತು? ಆ ದರಕ್ಕೆ ಮಾರುವವರೇ ಇರಲಿಲ್ಲ. ಇಡೀ ಕಂಪನಿಗೆ ಇರುವುದೇ ಎರಡು ಲಕ್ಷ ಷೇರು. ಅದರಲ್ಲಿ ಮುಕ್ಕಾಲು ಪಾಲು ಪ್ರವರ್ತಕರಾದ ವಕೀಲ್ ಮನೆತನದ ಕೈಯಲ್ಲಿ. ಉಳಿದ ಐವತ್ತು ಸಾವಿರ ಇಟ್ಟುಕೊಂಡವರೂ ದಡ್ಡರಲ್ಲ. ಹಿಂದೊಮ್ಮೆ ಪ್ರವರ್ತಕರು ಕಂಪನಿಯನ್ನು ಪೇಟೆಯಿಂದ ಹೊರಕ್ಕೆ ತರಲು ಷೇರಿಗೆ 1,61,023 ರೂಪಾಯಿ ದರ ಇಟ್ಟಾಗಲೂ ಅದು ಕೈಗೂಡಲಿಲ್ಲ. ಪೇಟೆಯಲ್ಲಿ ಮಾತ್ರ, ದಿನದ ಏರಿಳಿತಕ್ಕೆ ಮಿತಿ ಇದ್ದುದರಿಂದ, ಹಳೆಯ ಪುಡಿಗಾಸಿನ ದರವೇ ಅಂಟಿಕೊಂಡಿತ್ತು. ಇಂಥ ಕಂಪನಿಗಳಿಗೆ ಮಿತಿಯಿಲ್ಲದೆ ಒಂದು ಹರಾಜು ನಡೆಸಿ ಅಂತ ಸೆಬಿ 2024ರ ಜೂನ್‌ನಲ್ಲಿ ಹೇಳಿತು. ಹರಾಜಾಯಿತು, ನಿಜವಾದ ದರ ಹೊರಬಿತ್ತು. ಅಂದರೆ ರಾತ್ರೋರಾತ್ರಿ ಕಂಪನಿ ಏನೂ ಸಂಪಾದಿಸಲಿಲ್ಲ. ಬೆಲೆ ಚೀಟಿ ಬದಲಾಯಿತು, ಅಷ್ಟೇ.

ಹಾಗಾದರೆ ಮಾಲು ಗಟ್ಟಿಯೇ? ಗಟ್ಟಿಯೇ. ಎಲ್ಸಿಡ್ ಮತ್ತು ಅದರ ಅಂಗಸಂಸ್ಥೆಗಳ ಬಳಿ ಏಷ್ಯನ್ ಪೇಂಟ್ಸ್‌ನ ಶೇ. 3ರ ಹತ್ತಿರ ಷೇರು. ಆಗಿನ ದರದಲ್ಲಿ ಅದರ ಬೆಲೆ ಸುಮಾರು 8,500 ಕೋಟಿ. ಎಲ್ಸಿಡ್‌ನ ಪುಸ್ತಕ ಮೌಲ್ಯ ಷೇರೊಂದಕ್ಕೆ 5.85 ಲಕ್ಷ. ಅದು 2.36 ಲಕ್ಷಕ್ಕೆ ಸಿಕ್ಕಿತೆಂದರೆ ಅಗ್ಗ ಅನ್ನಿಸುವುದು ಸಹಜ.

ಮರ್ಮ ಇರುವುದು ಇಲ್ಲೇ. ಉಗ್ರಾಣದ ತುಂಬ ಅಕ್ಕಿ ಇದ್ದೀತು, ಬೀಗದ ಕೈ ಯಾರ ಸೊಂಟದಲ್ಲಿದೆ? 2023-24ರ ಸಾಲಿಗೆ ಏಷ್ಯನ್ ಪೇಂಟ್ಸ್ ಷೇರಿಗೆ 33 ರೂ. 30 ಪೈಸೆ ಲಾಭಾಂಶ ಕೊಟ್ಟಿತು. ಎಲ್ಸಿಡ್ ಬಳಗದ ಸುಮಾರು 2.8 ಕೋಟಿ ಷೇರಿಗೆ ಲೆಕ್ಕ ಹಾಕಿದರೆ 90 ಕೋಟಿಗೂ ಮೇಲಾಯಿತು. ಎಲ್ಸಿಡ್‌ನ ಒಂದೊಂದು ಷೇರಿನ ಪಾಲಿಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಅದೇ ಸಾಲಿಗೆ ಎಲ್ಸಿಡ್ ತನ್ನ ಷೇರುದಾರನ ಕೈಗೆ ಹಾಕಿದ್ದು? 25 ರೂಪಾಯಿ! ಎರಡೂಕಾಲು ಲಕ್ಷ ಸುರಿದು ವರ್ಷಕ್ಕೆ ಇಪ್ಪತ್ತೈದು. ಬ್ಯಾಂಕಿನ ಉಳಿತಾಯ ಖಾತೆ ಇದಕ್ಕಿಂತ ಎಷ್ಟೋ ಮೇಲು.

ಪೆಟ್ಟಿಗೆ ಒಡೆದು ಎಲ್ಲರಿಗೂ ಹಂಚಿ ಅಂತ ಸಣ್ಣ ಷೇರುದಾರ ಕೂಗಬಹುದು. ಮುಕ್ಕಾಲು ಪಾಲಿನವರು ಒಪ್ಪದೆ ಅದು ಆಗದು. ಒಪ್ಪಿ ಮಾರಿದರೂ ತೆರಿಗೆ ಒಂದಷ್ಟು ತಿನ್ನುತ್ತದೆ. ಆದ್ದರಿಂದಲೇ ಷೇರು ಹಿಡಿದು ಕೂರುವ ಕಂಪನಿಗಳನ್ನು ಪೇಟೆ ಸಾಮಾನ್ಯವಾಗಿ ಒಳಗಿನ ಮಾಲಿಗಿಂತ ಕಡಿಮೆಗೇ ತೂಗುತ್ತದೆ. ಅದು ಪೇಟೆಯ ಮರೆವಲ್ಲ, ಕೈಗೆ ಬಾರದ ದುಡ್ಡಿಗೆ ಕೊಡುವ ಬೆಲೆ.

ಹರಾಜಿನ ಮೇಲೂ ದರ ದಿನಕ್ಕೆ ಶೇ. 5ರಂತೆ ಏರುತ್ತ ನವೆಂಬರ್ 8ರ ಶುಕ್ರವಾರ 3.32 ಲಕ್ಷ ಮುಟ್ಟಿತು. ಮರುದಿನ ಶನಿವಾರ ಏಷ್ಯನ್ ಪೇಂಟ್ಸ್ ತನ್ನ ಮೂರು ತಿಂಗಳ ಲೆಕ್ಕ ಬಿಚ್ಚಿತು. ಲಾಭ ಹಿಂದಿನ ವರ್ಷಕ್ಕಿಂತ ಶೇ. 40ಕ್ಕೂ ಹೆಚ್ಚು ಕುಸಿದಿತ್ತು. ಸೋಮವಾರ ಬಣ್ಣದ ಷೇರು ಜಾರಿತು. ಎಲ್ಸಿಡ್ ಕೂಡ ಇಳಿಯತೊಡಗಿ ಕೆಲವೇ ತಿಂಗಳಲ್ಲಿ 2 ಲಕ್ಷದ ಕೆಳಕ್ಕೆ ಬಂತು. ತುದಿಯಲ್ಲಿ ಕೊಂಡವರಿಗೆ ಷೇರೊಂದಕ್ಕೆ ಲಕ್ಷಕ್ಕೂ ಮೇಲೆ ಖೋತಾ.